ಗದ್ದೆಯೇರುವ ಮೀನು

ದಕ್ಷಿಣ ಕನ್ನಡದವರೆಲ್ಲರೂ ಕಡಲ ತಡಿಯಲ್ಲೇ ಮೀನು ಹಿಡಿಯಲು ಕಲಿಯುತ್ತಾರೆಂದು ಘಟ್ಟದ ಮೇಲಿನವರು ಭಾವಿಸುವುದುಂಟು. ಮಂಗಳೂರೆಂದರೆ ಕಡಲು, ಕಡಲೆಂದರೆ ಬಂಗುಡೆ ಬೂತಾಯಿ; ಅವರ ಲೆಕ್ಕ ಅಷ್ಟಕ್ಕೇ ಮುಗಿಯುತ್ತದೆ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆ ಬೆಳೆದ ನಮ್ಮಂತಹವರಿಗೆ ಕಡಲೆಂಬುದು ವರುಷಕ್ಕೊಮ್ಮೆ ಕಾಣಸಿಗುವ ವಸ್ತುವಾಗಿತ್ತು. ಕಡಲ ಮೀನು ನಮ್ಮ ಅಂಗಳಕ್ಕೆ ಬರುತ್ತಿದ್ದುದು ಸೈಕಲ್ಲಿನ ಹಿಂದೆ ಕಟ್ಟಿದ ಬುಟ್ಟಿಯಲ್ಲಿ, ರಬ್ಬರಿನ ಹಾರನ್ನಿನ ‘ಪೋಂ ಪೋಂ’ ಸದ್ದಿನೊಡನೆ. ಮಳೆಗಾಲ ಹಿಡಿಯಿತೆಂದರೆ ಆ ಹಾರನ್ನಿಗೂ ಮೌನ. ಕಡಲು ಕೆರಳಿ ದೋಣಿಗಳು ದಡ ಸೇರುತ್ತಿದ್ದವು. ಈಗಂತೂ ಜೂನ್ 1ರಿಂದ ಜುಲೈ 31ರ ವರೆಗೆ ಯಂತ್ರದ ದೋಣಿಗಳು ಮೀನುಗಾರಿಕೆಗೆ ಇಳಿಯುವುದನ್ನು ಸರಕಾರವೇ ನಿಷೇಧಿಸಿದೆ. ಆ ದಿನಗಳಲ್ಲಿ ಒಳನಾಡಿನ ಅಡುಗೆಮನೆಗೆ ಒಣಮೀನು, ಹಲಸಿನ ಬೀಜ, ಕೆಸುವಿನ ಎಲೆಗಳೇ ಗತಿ. ಹೊಳೆ ಕರುಣಿಸಿದರೆ ಹೊಳೆಯ ಮೀನು.

ನಾನು ಮೊದಲು ಗಾಳ ಹಿಡಿದದ್ದು ಬಂಟ್ವಾಳದಲ್ಲಿ, 1974ನೆಯ ಇಸವಿಯ ಬೇಸಗೆಯ ರಜೆಯಲ್ಲಿ. ಪ್ರಾಯ ಒಂಬತ್ತು. ಪಂಜೆ ಮಂಗೇಶರಾಯರು ಹುಟ್ಟಿದ ಆ ಊರಿನ ಹಳೆಯ ಪೇಟೆ ನೇತ್ರಾವತಿಯ ದಡಕ್ಕೆ ಒತ್ತಿಕೊಂಡೇ ಬೆಳೆದದ್ದು. ಎಪ್ರಿಲ್ ತಿಂಗಳಿನಲ್ಲಿ ನದಿ ಬಡವಾಗಿ, ಮರಳಿನ ದಿಣ್ಣೆಗಳ ನಡುವೆ ಅಲ್ಲಲ್ಲಿ ಗುಂಡಿಗಳಾಗಿ ನಿಲ್ಲುತ್ತಿತ್ತು. ನಮ್ಮ ಸಲಕರಣೆಗಳೋ ಸರಳ: ಹಿತ್ತಿಲಿನ ಬಿದಿರುಮೆಳೆಯಿಂದ ಕಡಿದ ಒಂದು ಕೋಲು, ಪೇಟೆಯ ಅಂಗಡಿಯಿಂದ ತಂದ ಎರಡು ಮಾರು ತಂಗೂಸಿ, ಒಂದು ಕೊಕ್ಕೆ, ತೇಲುವುದಕ್ಕೆ ಬೆಂಡಿನ ಚೂರು. ಬಾಳೆಯ ಬುಡದ ತಂಪು ಮಣ್ಣನ್ನು ಕೆದಕಿದರೆ ಎರೆಹುಳ ಸಿಗುತ್ತಿತ್ತು. ತುಳುವಿನಲ್ಲಿ ಅದಕ್ಕೆ ‘ನಕ್ಕುರು’ ಎನ್ನುತ್ತಾರೆ. ನೆರೆಮನೆಯ ದೊಡ್ಡ ಹುಡುಗನೊಬ್ಬ ನನಗೆ ಗುರು. ಬೆಂಡು ಒಮ್ಮೆ ಅಲುಗಿದರೆ ಎಳೆಯಬಾರದು, ಎರಡನೆಯ ಸಲವೂ ಎಳೆಯಬಾರದು, ಅದು ಪೂರ್ತಿ ಮುಳುಗಿ ಓರೆಯಾಗಿ ಸರಿದಾಗಲೇ ಎಳೆಯಬೇಕೆಂದು ಅವನು ಹೇಳಿಕೊಟ್ಟ. ಒಂಬತ್ತು ವರುಷದ ಹುಡುಗನಿಗೆ ಇದಕ್ಕಿಂತ ಕಠಿನವಾದ ವ್ರತ ಇನ್ನೊಂದಿರಲಾರದು.

ನಾಲ್ಕು ದಿನಗಳ ತಪಸ್ಸಿಗೆ ಒಲಿದದ್ದು ಬೆರಳುದ್ದದ ಒಂದು ಬಿಳಿಮೀನು. ಅದನ್ನು ಕೆಸುವಿನೆಲೆಯಲ್ಲಿ ಸುತ್ತಿ ಮನೆಗೆ ಒಯ್ದೆ. ಮನೆಯಲ್ಲಿ ಎಂಟು ಜನ. ತಾಯಿ ನಗಲಿಲ್ಲ. ಪುಟ್ಟ ಮಣ್ಣಿನ ಕುಡಿಕೆಯೊಂದರಲ್ಲಿ ಹುಣಸೆ, ಮೆಣಸು, ಉಪ್ಪು ಹಾಕಿ ಆ ಒಂದೇ ಮೀನಿಗೆ ಪ್ರತ್ಯೇಕವಾಗಿ ಪುಳಿಮುಂಚಿ ಮಾಡಿ, ಕುಚ್ಚಲಕ್ಕಿ ಗಂಜಿಯ ಬಟ್ಟಲಿನ ಪಕ್ಕಕ್ಕಿಟ್ಟಳು. ಅದರ ರುಚಿ ನೆನಪಿಲ್ಲ. ಉಳಿದ ಏಳು ಜನರೂ ಊಟ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದುದು ಮಾತ್ರ ಚೆನ್ನಾಗಿ ನೆನಪಿದೆ. ಅದೇ ವರುಷದ ಜುಲೈಯಲ್ಲಿ ನೇತ್ರಾವತಿ ಉಕ್ಕಿ ಪೇಟೆಯೊಳಕ್ಕೆ ನುಗ್ಗಿತು. 1923ರ ನೆರೆಯನ್ನು ಕಂಡಿದ್ದ ಮುದುಕರು ಎರಡು ನೆರೆಗಳನ್ನೂ ಗೋಡೆಯ ಮೇಲಿನ ಗುರುತುಗಳಿಂದ ಹೋಲಿಸುತ್ತ ಬಹಳ ಕಾಲ ವಾದಿಸಿದರು. ನಾನು ಕುಳಿತು ಗಾಳ ಹಾಕುತ್ತಿದ್ದ ಬಂಡೆ ಮಾತ್ರ, ನೀರಿಳಿದ ಮೇಲೆ ನೋಡಿದರೆ, ಮರಳಿನಡಿ ಮುಚ್ಚಿಹೋಗಿತ್ತು.

ಚಿಕ್ಕಮ್ಮನ ಮನೆ ಮೂಡುಬಿದಿರೆಯಲ್ಲಿ. ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆಗಳ ಊರೆಂದು ಅದಕ್ಕೆ ಹೆಸರು. ಹದಿನೆಂಟು ಕೆರೆಗಳೆಂಬುದನ್ನು ಕೇಳಿದೊಡನೆ ನಾನು ಕೋಲು, ಕೊಕ್ಕೆಗಳನ್ನು ಚೀಲಕ್ಕೆ ಸೇರಿಸಿಕೊಂಡೇ ಬಸ್ಸು ಹತ್ತಿದ್ದೆ. 1430ರಲ್ಲಿ ಕಟ್ಟಲಾದ ಸಾವಿರ ಕಂಬದ ಬಸದಿಯ ಊರಿನಲ್ಲಿ ಆ ಚೀಲ ಬಿಚ್ಚಲೇ ಇಲ್ಲ. ಪಕ್ಕದ ಮನೆಯ ಜೈನ ಹುಡುಗ, ನನ್ನದೇ ಪ್ರಾಯದವನು, ಸಂಜೆ ನನ್ನನ್ನು ಕೆರೆಯ ಮೆಟ್ಟಿಲಿಗೆ ಕರೆದೊಯ್ದು, ಚಡ್ಡಿಯ ಜೇಬಿನಿಂದ ಹಿಡಿ ಅರಳು ತೆಗೆದು ನೀರಿಗೆ ಎರಚಿದ. ಮೀನುಗಳು ಬಾಯಿ ತೆರೆದು ಮೇಲಕ್ಕೆ ಬಂದವು. ಅವನು ಅವುಗಳಲ್ಲಿ ಕೆಲವನ್ನು ಗುರುತಿಸಿ ಹೆಸರು ಹಿಡಿದು ತೋರಿಸಿದ! ಹೆಸರಿರುವ ಮೀನಿಗೆ ಗಾಳ ಹಾಕುವುದು ಹೇಗೆ? ಮೂಡಣ ಬಿದಿರು ಎಂದೇ ಹೆಸರು ಪಡೆದ ಊರಿನಲ್ಲಿ ನನ್ನ ಬಿದಿರಿನ ಕೋಲಿಗೆ ಕೆಲಸವಿಲ್ಲದಾಯಿತು.

ಆದರೆ ನಿಜವಾದ ಮೀನುಬೇಟೆಯನ್ನು ನಾನು ಕಂಡದ್ದು ಮರುವರುಷದ ಜೂನಿನಲ್ಲಿ, ತಾಯಿಯ ತವರಿನಲ್ಲಿ. ಬಂಟ್ವಾಳದಿಂದ ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆಗಳನ್ನು ದಾಟಿ ಬೆಳ್ತಂಗಡಿಗೆ ಹೋಗುವ ಬಸ್ಸಿನಲ್ಲಿ ಇಳಿದು, ಒಂದು ಗಂಟೆಯ ಹೊತ್ತು ನಡೆದರೆ ಸಿಗುವ ಹಳ್ಳಿ ಅದು. ಶಾಲೆ ತೆರೆಯಲು ಎರಡೇ ದಿನ ಉಳಿದಿದ್ದವು.

ತುಳುನಾಡಿನ ಗದ್ದೆಗಳಲ್ಲಿ ಮೂರು ಬಗೆಯೆಂಬುದನ್ನು ವಾಚಕರಿಗೆ ಇಲ್ಲಿ ತಿಳಿಸಬೇಕು. ತೋಡಿನ ಮಟ್ಟದಲ್ಲಿರುವುದು ಬೈಲು. ಅದಕ್ಕಿಂತ ತುಸು ಎತ್ತರದಲ್ಲಿರುವುದು ಮಜಲು. ಮಳೆಯನ್ನೇ ನೆಚ್ಚಿ ಗುಡ್ಡದ ಓರೆಯಲ್ಲಿರುವುದು ಬೆಟ್ಟು. ಒಂದರ ನೀರು ಇನ್ನೊಂದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ತೋಡನ್ನು ಸೇರಿ, ತೋಡು ಹೊಳೆಯನ್ನು ಸೇರುತ್ತದೆ. ಮೊದಲ ಜಡಿಮಳೆಗೆ ಈ ಕೆಂಪು ನೀರು ಹೊಳೆಗೆ ಮುಟ್ಟಿದ ಕೂಡಲೇ, ಬೇಸಗೆಯೆಲ್ಲ ಗುಂಡಿಗಳಲ್ಲಿ ಅಡಗಿ ಕುಳಿತ ಮೀನುಗಳು ಪ್ರವಾಹಕ್ಕೆ ಎದುರಾಗಿ ಹೊರಡುತ್ತವೆ. ಹೊಳೆಯಿಂದ ತೋಡು, ತೋಡಿನಿಂದ ಬೈಲು, ಬೈಲಿನಿಂದ ಮಜಲು. ರಭಸದ ಹೊಳೆಯಲ್ಲಿ ಮೊಟ್ಟೆ ನಿಲ್ಲದು. ಗದ್ದೆಯ ತೆಳುನೀರಿನಲ್ಲಿ ಮೊಟ್ಟೆಗೆ ಆಸರೆಯೂ ಮರಿಗೆ ಆಹಾರವೂ ಉಂಟು. ಇದನ್ನು ತುಳುವಿನಲ್ಲಿ ‘ಉಬರ್’ ಎನ್ನುತ್ತಾರೆ. ಮಲೆನಾಡಿನವರು ಹತ್ತುಮೀನು ಎಂದು ಕರೆಯುವುದೂ ಇದನ್ನೇ.

ಅಂದು ಸಂಜೆ ಗುಡುಗಿನೊಡನೆ ಸುರಿಯತೊಡಗಿದ ಮಳೆ ಊಟದ ಹೊತ್ತಿಗೂ ನಿಂತಿರಲಿಲ್ಲ. ನಿಂತೊಡನೆ ಕಪ್ಪೆಗಳ ಕೂಗು ಕಿವಿ ಕಿತ್ತುಹೋಗುವಷ್ಟಾಯಿತು. ಸೋದರಮಾವ ಜಗಲಿಯಿಂದಿಳಿದು, ಅಂಗಳದ ಅಂಚಿನಲ್ಲಿ ನಿಂತು, ತೋಡಿನ ಸದ್ದನ್ನು ಆಲಿಸಿ, “ಬಂದಿವೆ” ಎಂದರು. ಅಷ್ಟರಲ್ಲಿ ಬೈಲಿನ ತುಂಬ ಬೆಳಕುಗಳು ಕಾಣತೊಡಗಿದವು. ಒಣ ತೆಂಗಿನ ಗರಿಯನ್ನು ಬಿಗಿದು ಕಟ್ಟಿ ಉರಿಸುವ ತೂಟೆಗಳು, ನಡುವೆ ಉಳ್ಳವರ ಒಂದೆರಡು ಗ್ಯಾಸ್‌ಲೈಟುಗಳು. ಆ ಬೆಳಕಿಗೆ ಮೀನು ಕ್ಷಣಕಾಲ ತಬ್ಬಿಬ್ಬಾಗಿ ನಿಲ್ಲುತ್ತದೆ. ಆ ಕ್ಷಣದಲ್ಲಿ ಕತ್ತಿಯಿಂದ ಕಡಿಯುತ್ತಾರೆ. ನಮ್ಮ ಕಡೆ ಆ ಬೇಟೆಗೆ ‘ಮೀನು ಕಡಿಯುವುದು’ ಎಂದೇ ಹೆಸರು.

ಮಾವ ಕತ್ತಿ ತೆಗೆದುಕೊಳ್ಳಲಿಲ್ಲ. ಬಿದಿರಿನ ಸಲಾಕೆಗಳಿಂದ ಹೆಣೆದ ಕೂಳಿಯೊಂದನ್ನು ಹೆಗಲಿಗೇರಿಸಿ, ನನ್ನ ಕೈಗೆ ತೂಟೆ ಕೊಟ್ಟರು. ಗದ್ದೆಯ ಹುಣಿಯಲ್ಲಿ ನೀರು ಕೆಳಕ್ಕೆ ಧುಮುಕುವ ಕಡೆ ಹೋಗಿ ನಿಂತೆವು. ಮೊದಲು ಏನೂ ಕಾಣಲಿಲ್ಲ. ಬಳಿಕ ನೊರೆಯೊಳಗಿಂದ ಬೆಳ್ಳಿಯ ತುಂಡೊಂದು ಮೇಲಕ್ಕೆ ಹಾರಿ, ಹುಣಿಗೆ ಬಡಿದು, ಕೆಳಕ್ಕೆ ಬಿತ್ತು. ಮತ್ತೆ ಹಾರಿತು. ಮೂರನೆಯ ಸಲಕ್ಕೆ ಮೇಲಿನ ಗದ್ದೆಯನ್ನು ಸೇರಿ, ಬೆನ್ನು ನೀರಿನ ಹೊರಗೆ ತೋರುವಂತೆ ಬಳುಕುತ್ತ ಓಡಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಪಕ್ಕದ ಹುಲ್ಲಿನ ಮೇಲೆ ಸರಸರ ಸದ್ದಾಗಿ ನಾನು ಹಾವೆಂದು ಕಿರುಚಿದೆ. ಹಾವಲ್ಲ, ಮುಗುಡು. ಮೀಸೆಯುಳ್ಳ, ಸಿಪ್ಪೆಯಿಲ್ಲದ ಈ ಕಪ್ಪು ಮೀನಿಗೆ ಕಿವಿರುಗಳ ಜೊತೆಗೆ ಗಾಳಿಯನ್ನು ಉಸಿರಾಡಲು ಬೇರೆಯೇ ಒಂದು ಅಂಗವಿದೆ. ಆದುದರಿಂದ ಒದ್ದೆ ನೆಲದ ಮೇಲೆ ತೆವಳಿಕೊಂಡು ಒಂದು ಗದ್ದೆಯಿಂದ ಇನ್ನೊಂದಕ್ಕೆ ದಾಟಬಲ್ಲದು. ನೀರಿನ ಪ್ರಾಣಿಯೊಂದು ನೆಲದ ಮೇಲೆ ನಡೆದು ನನ್ನತ್ತ ಬರುತ್ತಿದೆ! ಓದಿದ ಯಾವ ಪಾಠದಲ್ಲಿಯೂ ಅದಿರಲಿಲ್ಲ.

ನಾನು ಬಾಗಿ ಅದನ್ನು ಹಿಡಿದೆ. ಅದರ ಎದೆಯ ರೆಕ್ಕೆಯ ಮುಳ್ಳು ಹೆಬ್ಬೆರಳಿಗೆ ನೆಟ್ಟಿತು. ಚೇಳು ಕಡಿದಂತಹ ಉರಿ. ಬಿಡಬೇಡವೆಂದು ಮಾವ ಹೇಳಲಿಲ್ಲ, ಬಿಡೆಂದೂ ಹೇಳಲಿಲ್ಲ. ಕೈಯಿಂದ ಮೀನನ್ನು ತೆಗೆದುಕೊಂಡು, ಬೆರಳಿನ ತುದಿಯಿಂದ ಅದರ ಹೊಟ್ಟೆಯನ್ನು ಮೆಲ್ಲನೆ ಸವರಿ ನೋಡಿ, ಮೇಲಿನ ಗದ್ದೆಯ ನೀರಿಗೆ ಬಿಟ್ಟುಬಿಟ್ಟರು. ನನಗೆ ಅಳುವೇ ಬಂದಿತು. ಹುಣಿಯಾಚೆ ಕತ್ತಿ ಹಿಡಿದು ನಿಂತಿದ್ದ ನೆರೆಯವರು ಗಟ್ಟಿಯಾಗಿ ನಕ್ಕು, ಕೈಗೆ ಬಂದ ಊಟವನ್ನು ನೀರಿಗೆ ಬಿಡುವ ಮನುಷ್ಯನನ್ನು ಈ ಊರಿನಲ್ಲಿ ಮಾತ್ರ ಕಾಣಬಹುದೆಂದರು. ಅವರ ಮನೆಯಲ್ಲಿ ಮಕ್ಕಳು ಏಳು. ಮುಂದೆ ಆಟಿಯ ತಿಂಗಳು. ಅವರ ನಗೆಯಲ್ಲಿ ಅರ್ಥವಿರಲಿಲ್ಲವೆಂದು ನಾನು ಇಂದಿಗೂ ಹೇಳಲಾರೆ. ಮಾವನೂ ಅವರೊಡನೆ ವಾದಕ್ಕಿಳಿಯಲಿಲ್ಲ. “ಅವಳು ಬಿತ್ತಲು ಬಂದವಳು. ನಾವೂ ನಾಳೆ ಇದೇ ಗದ್ದೆಗೆ ಬಿತ್ತಲು ಬರುವವರೇ ತಾನೆ?” ಎಂದು ನನಗೆ ಮಾತ್ರ ಕೇಳುವಂತೆ ಹೇಳಿ ಕೂಳಿಯನ್ನು ನೀರಿಗಿಟ್ಟರು. ಇದು ಊರಿನ ಕಟ್ಟಳೆಯಲ್ಲ, ಅವರೊಬ್ಬರ ಪದ್ಧತಿ. ಹೊಟ್ಟೆ ತುಂಬಿದ ಮೀನು ಮೇಲಿನ ಗದ್ದೆಗೆ, ಉಳಿದದ್ದು ಮನೆಗೆ. ಆ ರಾತ್ರಿ ಮನೆಗೆ ಬಂದದ್ದು ಹನ್ನೊಂದು ಮೀನು. ಅತ್ತೆ ಮುಗುಡುಗಳಿಗೆ ಒಲೆಯ ಬೂದಿ ಹಚ್ಚಿ, ಲೋಳೆ ಹೋಗುವಂತೆ ಉಜ್ಜಿ ತೊಳೆಯುತ್ತ, ನೆರೆಮನೆಯವರು ಎರಡು ಬುಟ್ಟಿ ತುಂಬಿಸಿಕೊಂಡು ಹೋದುದನ್ನು ನಾಲ್ಕು ಸಲ ಹೇಳಿದಳು.

ಅದರ ಫಲವನ್ನು ನಾನು ಕಂಡದ್ದು ಆಟಿಯಲ್ಲಿ, ಮತ್ತೆ ಅಲ್ಲಿಗೆ ಹೋದಾಗ. ನೇಜಿ ನೆಟ್ಟ ಗದ್ದೆಯ ಮೂಲೆಯಲ್ಲಿ ಕೆಂಪು ಬಟ್ಟೆಯ ತುಂಡೊಂದು ತೇಲುತ್ತಿರುವಂತೆ ಕಂಡಿತು. ಮಾವ ಹುಲ್ಲುಕಡ್ಡಿಯಿಂದ ನೀರನ್ನು ಮುಟ್ಟಿದರು. ಬಟ್ಟೆ ಬಿಚ್ಚಿಕೊಂಡು ನೂರಾರು ಮರಿಗಳಾಗಿ ಮತ್ತೆ ಕೂಡಿಕೊಂಡಿತು. ಕೊರವ ಮೀನಿನ ಮರಿಗಳವು. ಅವುಗಳ ಕೆಳಗೆ ತಾಯಿತಂದೆಗಳು ಕಾವಲಿದ್ದವು. ಕಡ್ಡಿಯನ್ನು ಕಂಡು ಒಂದು ಮೇಲೆ ನುಗ್ಗಿಯೇ ಬಂದಿತು.

ಅದೇ ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ, ಶಿಶಿಲೇಶ್ವರ ದೇವಸ್ಥಾನದ ಮುಂದೆ ಹರಿಯುವ ಕಪಿಲೆಯಲ್ಲಿ, ಮೀನನ್ನು ಯಾರೂ ಮುಟ್ಟುವಂತಿಲ್ಲ. ಪೆರುವೊಲು ಎಂದು ಕರೆಯುವ ಮಹಸೀರ್ ಜಾತಿಯ ಆ ಮೀನುಗಳು ಅಲ್ಲಿ ದೇವರ ಮೀನುಗಳು. ಭಕ್ತರು ಎಸೆಯುವ ಅಕ್ಕಿಗೆ ಮಂದೆಮಂದೆಯಾಗಿ ಬರುತ್ತವೆ. ಶೃಂಗೇರಿಯ ತುಂಗೆಯಲ್ಲಿ ಇದೇ ನೋಟವನ್ನು ಕಂಡವರು ಬಹಳ ಮಂದಿ ಇರಬಹುದು. 1996ರಲ್ಲಿ ದುಷ್ಕರ್ಮಿಗಳು ಶಿಶಿಲದ ನೀರಿಗೆ ವಿಷ ಬೆರೆಸಿದಾಗ ಸಾವಿರಾರು ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಊರವರು ಅವುಗಳಿಗೊಂದು ಸ್ಮಾರಕ ಕಟ್ಟಿದ್ದಾರೆ. ಮೀನಿಗೆ ಮದ್ದು ಹಾಕುವುದು ಈ ಸೀಮೆಗೆ ಹೊಸದೇನಲ್ಲ. ಕಾರೆಕಾಯಿಯನ್ನೂ ಕಾಕಮಾರಿಯ ಬೀಜವನ್ನೂ ಜಜ್ಜಿ ಗುಂಡಿಯ ನೀರಿಗೆ ಕದಡುತ್ತಿದ್ದುದನ್ನು ಹಿರಿಯರು ಬಲ್ಲರು. ಆಮೇಲೆ ಬಂದದ್ದು ತೋಟೆ. ಒಂದು ಸಿಡಿತಕ್ಕೆ ಗುಂಡಿಯ ದೊಡ್ಡದು ಚಿಕ್ಕದು ಎಲ್ಲವೂ ಸತ್ತು ಹೋಗುತ್ತವೆ. ಸಿಡಿಮದ್ದು, ವಿಷ ಇವೆರಡರಿಂದಲೂ ಮೀನು ಕೊಲ್ಲುವುದು ಅಪರಾಧವೆಂದು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ಹೇಳಿದೆ. ಕಾಯಿದೆಗೆ ನೂರು ವರುಷ ತುಂಬಲು ಒಂದೇ ವರುಷ ಉಳಿದಿದ್ದಾಗ ಶಿಶಿಲದ ಆ ಹತ್ಯೆ ನಡೆಯಿತು.

ಉಬರು ಈಗ ಕಡಮೆಯಾಗಿದೆಯೆಂಬುದು ಎಲ್ಲರ ಮಾತು. ಕೆಲವರು ತುಂಬೆಯ ಅಣೆಕಟ್ಟನ್ನು ದೂರುತ್ತಾರೆ, ಕೆಲವರು ಶಂಭೂರಿನದನ್ನು. ಹೊಳೆಗೆ ಅಡ್ಡವಾಗಿ ಗೋಡೆಯೆದ್ದರೆ ಮೀನಿಗೆ ಕಷ್ಟವೇ, ಸಂದೇಹವಿಲ್ಲ. ತೋಡುಗಳ ಕಿಂಡಿ ಅಣೆಕಟ್ಟುಗಳ ಹಲಗೆಗಳನ್ನಾದರೋ ಮಳೆಗೆ ಮುಂಚೆ ತೆಗೆಯುತ್ತಾರೆ; ಮೀನಿಗೆ ದಾರಿಯುಂಟು. ನನ್ನ ಎಣಿಕೆಯಲ್ಲಿ ಹೆಚ್ಚಿನ ನಷ್ಟವಾದದ್ದು ದಾರಿಯ ಕೊನೆಯಲ್ಲಿ. ಮಜಲು ಗದ್ದೆಗಳು ಮಣ್ಣು ತುಂಬಿಸಿಕೊಂಡು ಅಡಕೆಯ ತೋಟಗಳಾದವು. ಬೆಟ್ಟುಗಳು ರಬ್ಬರಿಗೆ ಹೋದವು. ಗದ್ದೆಯ ಕೂಲಿ ಹುಟ್ಟದವನು ಅಡಕೆ ಇಟ್ಟದ್ದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. 2019ರ ಆಗಸ್ಟಿನ ಪ್ರವಾಹದಲ್ಲಿ ಚಾರ್ಮಾಡಿಯ ಆಸುಪಾಸಿನ ಎಷ್ಟೋ ಗದ್ದೆ ತೋಟಗಳ ಮೇಲೆ ಮರಳು, ಮರದ ದಿಮ್ಮಿಗಳು ಬಂದು ಕುಳಿತವು. ಮಳೆ ಬಂದೊಡನೆ ಮೀನು ಹೊರಡುತ್ತದೆ. ತಲಪಬೇಕಾದ ತೆಳುನೀರು ಅಲ್ಲಿರುವುದಿಲ್ಲ.

ಮಾವ ತೀರಿಕೊಂಡು ಬಹಳ ವರುಷಗಳಾದವು. ಅವರ ಮಜಲು ಗದ್ದೆಯಲ್ಲಿ ಈಗ ಅಡಕೆಯ ಸಾಲುಗಳು; ಸಾಲುಗಳ ನಡುವೆ ಬಸಿನೀರಿನ ಕಣಿಗಳು. ಕಳೆದ ಮಳೆಗಾಲದ ಮೊದಲ ವಾರ ನಾನು ಅಲ್ಲಿದ್ದೆ. ರಾತ್ರಿ ಮಾವನ ಮೊಮ್ಮಗ, ಹನ್ನೊಂದು ವರುಷದವನು, ಮೊಬೈಲಿನ ಬೆಳಕು ಹಿಡಿದು ಕಣಿಯಲ್ಲಿ ಏನೋ ಹೊರಳುತ್ತಿದೆಯೆಂದು ಕೂಗಿದ. ಮುಗುಡು. ಮುಳ್ಳಿರುವ ಜಾಗವನ್ನು ತೋರಿಸಿ, ತಲೆಯ ಹಿಂದೆ ಹಿಡಿಯಲು ಹೇಳಿಕೊಟ್ಟೆ. ಅವನ ಬೆರಳನ್ನು ಅದರ ಹೊಟ್ಟೆಯ ಮೇಲೆ ಇರಿಸಿದೆ. ಮೆತ್ತಗೆ ತುಂಬಿಕೊಂಡಿತ್ತು. ಬಿಡೋಣವೆಂದರೆ ಮೇಲಿನ ಗದ್ದೆಯೇ ಇಲ್ಲ. ಹುಡುಗ ತುಸು ಯೋಚಿಸಿ, ಬಾಲ್ದಿ ತಂದು ಅದನ್ನು ನೀರಿಗೆ ಹಾಕಿಕೊಂಡು, ರಸ್ತೆಯಾಚೆ ಇನ್ನೂ ಬೇಸಾಯದಲ್ಲಿರುವ ಒಂದೇ ಒಂದು ಬೈಲು ಗದ್ದೆಯ ಕಡೆಗೆ ಹೊರಟ. ಛತ್ರಿ ಹಿಡಿದು ನಾನೂ ಹಿಂದೆ ನಡೆದೆ. ಅದು ನೆರೆಮನೆಯವರ ಗದ್ದೆ. ಅಂದು ಹುಣಿಯಾಚೆ ನಿಂತು ನಕ್ಕಿದ್ದವರ ಮಗ ಜಗಲಿಯಿಂದಲೇ ಟಾರ್ಚು ಹಾಕಿ, ಇಷ್ಟು ಹೊತ್ತಿನಲ್ಲಿ ಬಾಲ್ದಿಯಲ್ಲಿ ಏನೆಂದು ಕೇಳಿದ.