ಹಳೆಯ ಪಿಕಪ್ ವಾಹನದಲ್ಲಿ ಆಯಿಲ್ ಒತ್ತಡ ಇಳಿದಾಗ: ಎಂಜಿನ್ ಬಿಚ್ಚಿಸುವ ಮುನ್ನ

ಸಗಟು ವ್ಯಾಪಾರ ಮತ್ತು ಸಣ್ಣ ಕೈಗಾರಿಕೆ ನಡೆಸುವ ನಮ್ಮ ಸದಸ್ಯರಲ್ಲಿ ಅನೇಕರು ಹತ್ತು-ಹದಿನೈದು ವರ್ಷ ಹಳೆಯದಾದ ಡೀಸೆಲ್ ಪಿಕಪ್ ವಾಹನವೊಂದನ್ನು ಇಟ್ಟುಕೊಂಡಿರುತ್ತಾರೆ. 5 ಲಕ್ಷ ರೂಪಾಯಿಗೆ ಕೊಂಡ ವಾಹನಕ್ಕೆ ಶೇಕಡಾ 15ರಂತೆ ಇಳಿಕೆ ಮೌಲ್ಯದ ಮೇಲೆ ಸವಕಳಿ ಕಳೆದರೆ, 15 ವರ್ಷಗಳ ನಂತರ ಪುಸ್ತಕದಲ್ಲಿ ಉಳಿಯುವುದು ಸುಮಾರು 44 ಸಾವಿರ ರೂಪಾಯಿ ಮಾತ್ರ. ಎಂಜಿನ್ ಕೆಲಸದ ಒಂದು ಬಿಲ್ಲು ಈ ಮೊತ್ತವನ್ನು ಮೀರುವುದು ಅಪರೂಪವಲ್ಲ. ಆದುದರಿಂದ ಆಯಿಲ್ ಒತ್ತಡದ ಮುಳ್ಳು ಕೆಳಗಿಳಿದಾಗ ಏನನ್ನು ಮೊದಲು ಪರೀಕ್ಷಿಸಬೇಕು, ಏನನ್ನು ಆನಂತರ ಎಂಬುದನ್ನು ಮಾಲೀಕರೂ ಅರಿತಿರುವುದು ಲೇಸು.

ವರ್ಷಾಂತ್ಯದಲ್ಲಿ ‘ವಾಹನ ದುರಸ್ತಿ’ ಖಾತೆಯ ವೋಚರುಗಳನ್ನು ಪರಿಶೀಲಿಸುವಾಗ ನನಗೆ ಕಾಣಸಿಗುವ ಒಂದು ವಿಚಿತ್ರ ಕ್ರಮವಿದೆ. ಮೊದಲು ಎಂಜಿನ್ ಬಿಚ್ಚಿದ ಕೂಲಿ, ಬಳಿಕ ಬೇರಿಂಗ್, ಆನಂತರ ಆಯಿಲ್ ಪಂಪ್, ಎಲ್ಲಕ್ಕಿಂತ ಕೊನೆಗೆ ಕೆಲವು ನೂರು ರೂಪಾಯಿಗಳ ಆಯಿಲ್ ಪ್ರೆಶರ್ ಸ್ವಿಚ್ಚಿನ ಬಿಲ್ಲು. ಈ ಕ್ರಮವು ತಲೆಕೆಳಗಾಗಿದೆ.

ಆದರೆ ಪರೀಕ್ಷೆಗೂ ಮುನ್ನ ಚಾಲಕನಿಗೆ ತಿಳಿಸಬೇಕಾದ ಮಾತೊಂದುಂಟು. ಡ್ಯಾಶ್‌ಬೋರ್ಡಿನ ಕೆಂಪು ದೀಪವು ಸಾಮಾನ್ಯವಾಗಿ ಒತ್ತಡವು 0.3ರಿಂದ 0.5 ಬಾರ್‌ವರೆಗೆ, ಅಂದರೆ ಸುಮಾರು 5ರಿಂದ 7 ಪಿಎಸ್‌ಐಗೆ ಕುಸಿದಾಗಲಷ್ಟೇ ಬೆಳಗುತ್ತದೆ. ಅದು ಮುನ್ಸೂಚನೆಯಲ್ಲ, ಬಹಳ ತಡವಾಗಿ ಬರುವ ಸುದ್ದಿ. ದೀಪ ಹತ್ತಿದೊಡನೆ ವಾಹನವನ್ನು ಸುರಕ್ಷಿತವಾಗಿ ಬದಿಗೆ ನಿಲ್ಲಿಸಿ ಎಂಜಿನ್ ಆರಿಸತಕ್ಕದ್ದು. ‘ಲೋಡ್ ಇಳಿಸಿ ಬಂದು ನೋಡೋಣ’ ಎಂದು ಓಡಿಸಿದಲ್ಲಿ ಬೇರಿಂಗ್ ಸುಟ್ಟು, ಕ್ರ್ಯಾಂಕ್ ಹಿಡಿದುಕೊಂಡು, ಲೋಡೂ ದಾರಿಯಲ್ಲೇ ಉಳಿಯುತ್ತದೆ. ಮಾಲೀಕರು ಗಡುವಿನ ಒತ್ತಡ ಹೇರದಿದ್ದರೆ ಮಾತ್ರ ಚಾಲಕನು ಧೈರ್ಯವಾಗಿ ಗಾಡಿ ನಿಲ್ಲಿಸಿಯಾನು.

ಪಂಪು ಆಯಿಲನ್ನು ತಳ್ಳುತ್ತದೆ. ಬೇರಿಂಗುಗಳ ಸೂಕ್ಷ್ಮ ಸಂದುಗಳು ಆ ಹರಿವಿಗೆ ಒಡ್ಡುವ ತಡೆಯಿಂದ ಒತ್ತಡ ಹುಟ್ಟುತ್ತದೆ. ಸಂದು ಸವೆದು ಅಗಲವಾದರೂ, ಆಯಿಲ್ ತೆಳುವಾದರೂ, ತಳ್ಳುವ ಪ್ರಮಾಣ ತಗ್ಗಿದರೂ ಒತ್ತಡ ಇಳಿಯುತ್ತದೆ. ಇವು ಮೂರೂ ಸರಿಯಿದ್ದು, ತಿಳಿಸುವ ಉಪಕರಣವೇ ಸುಳ್ಳು ಹೇಳುವುದೂ ಉಂಟು.

ಮೊದಲ ಪರೀಕ್ಷೆಗೆ ಖರ್ಚಿಲ್ಲ. ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಕೆಲ ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಬೇಕು. ಮಟ್ಟ ಕಡಿಮೆಯಿದ್ದರೆ ಸೋರಿಕೆಯೋ, ಆಯಿಲ್ ಸುಡುವಿಕೆಯೋ ಇದೆ. ಆಯಿಲ್ ಹಾಕದಿದ್ದರೂ ಮಟ್ಟ ಏರಿ ಡೀಸೆಲ್ ವಾಸನೆ ಬರುತ್ತಿದ್ದರೆ ಇಂಧನ ಬೆರೆತು ಆಯಿಲ್ ತೆಳುವಾಗಿದೆ. ಹಾಲು ಬೆರೆಸಿದ ಚಹಾದ ಬಣ್ಣವಿದ್ದರೆ ನೀರು ಸೇರಿದೆ. ಅತಿಯಾಗಿ ತುಂಬುವುದೂ ತಪ್ಪೇ, ಕ್ರ್ಯಾಂಕ್ ಕಡೆದು ನೊರೆಯೆಬ್ಬಿಸುತ್ತದೆ.

ಎರಡನೆಯದು ಸ್ವಿಚ್ ಮತ್ತು ವೈರಿಂಗ್. ಕೀಲಿ ತಿರುಗಿಸಿ, ಎಂಜಿನ್ ಚಾಲೂ ಮಾಡದೆ ನೋಡಿದಾಗ ದೀಪ ಹತ್ತಲೇಬೇಕು. ಹತ್ತದಿದ್ದರೆ ಬಲ್ಬು ಹೋಗಿರಬಹುದು ಅಥವಾ ತಂತಿ ತುಂಡಾಗಿರಬಹುದು; ಇದು ಸುಳ್ಳು ದೀಪಕ್ಕಿಂತ ಅಪಾಯಕಾರಿ. ಸ್ವಿಚ್ಚಿನ ತಂತಿ ಕಳಚಿದರೂ ದೀಪ ಆರದಿದ್ದರೆ ತಂತಿ ಎಲ್ಲೋ ಬಾಡಿಗೆ ತಾಗಿದೆಯೆಂದು ತಿಳಿಯಬೇಕು. ಮುಳ್ಳಿನ ಗೇಜ್ ಇರುವ ವಾಹನಗಳಲ್ಲಿ ತುಕ್ಕು ಹಿಡಿದ ಟರ್ಮಿನಲ್, ಕೆಟ್ಟ ಅರ್ಥಿಂಗ್ ಇವೂ ಮುಳ್ಳನ್ನು ದಾರಿ ತಪ್ಪಿಸುತ್ತವೆ.

ಸಂಶಯ ಪರಿಹಾರಕ್ಕೆ ಉಳಿಯುವ ಸಾಧನ ಮೆಕ್ಯಾನಿಕಲ್ ಗೇಜ್. ಸ್ವಿಚ್ಚನ್ನು ಬಿಚ್ಚಿ ಅದೇ ಜಾಗಕ್ಕೆ ಹೋಸ್ ಸಮೇತ ಈ ಗೇಜನ್ನು ಕೂರಿಸಿದರೆ ನಿಜವಾದ ಒತ್ತಡ ಕಾಣುತ್ತದೆ. ಚಾಲೂ ಮಾಡಿದ ಕೆಲವೇ ಸೆಕೆಂಡುಗಳಲ್ಲಿ ಮುಳ್ಳು ಏಳದಿದ್ದರೆ ತಕ್ಷಣ ಆರಿಸಬೇಕು. ಎದ್ದಲ್ಲಿ ಮೂರು ಅಂಕಿಗಳನ್ನು ಬರೆದಿಡಿ: ತಣ್ಣಗಿರುವಾಗ ಐಡ್ಲಿಂಗಿನಲ್ಲಿ, ಪೂರ್ಣ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ, ಬಿಸಿಯಲ್ಲೇ 2000 ಆರ್‌ಪಿಎಂನಲ್ಲಿ. ತಯಾರಕರ ಕೈಪಿಡಿಯ ಅಂಕಿಯೇ ಪ್ರಮಾಣ. ಕೈಪಿಡಿ ಇಲ್ಲದಿದ್ದರೆ, ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಎಂಬ ಹಳೆಯ ಗ್ಯಾರೇಜ್ ಲೆಕ್ಕ ಸ್ಥೂಲ ಅಂದಾಜಿಗೆ ಸಾಕು. ಬಿಸಿಯಾದಾಗ ಐಡ್ಲಿಂಗಿನ ಒತ್ತಡ ಸ್ವಲ್ಪ ಇಳಿಯುವುದು ಸಹಜ.

ತಣ್ಣಗಿರುವಾಗ ಸರಿಯಿದ್ದು ಬಿಸಿಯಾದಂತೆ ತೀವ್ರವಾಗಿ ಕುಸಿದರೆ ತೆಳುವಾದ ಆಯಿಲ್ ಅಥವಾ ಸವೆದ ಬೇರಿಂಗ್ ಮೇಲೆ ಅನುಮಾನ. ಹೊಸ ಫಿಲ್ಟರಿನೊಡನೆ ಕೈಪಿಡಿ ಹೇಳಿದ ಗ್ರೇಡಿನ ಆಯಿಲ್ ಹಾಕಿ ಮತ್ತೊಮ್ಮೆ ಅಳೆಯಿರಿ. ಹಳೆಯ ಫಿಲ್ಟರನ್ನು ಎಸೆಯದೆ ಕತ್ತರಿಸಿ ನೋಡಬೇಕು. ಲೋಹದ ಹೊಳೆಯುವ ಚೂರುಗಳಿದ್ದರೆ ಬೇರಿಂಗಿನ ಸವೆತಕ್ಕೆ ಬೇರೆ ಸಾಕ್ಷಿ ಬೇಡ. ಬಿಸಿ-ತಣ್ಣಗೆ ಎರಡರಲ್ಲೂ ಒತ್ತಡ ಕಡಿಮೆಯಿದ್ದರೆ ಪಂಪು, ತೆರೆದೇ ಸಿಕ್ಕಿಕೊಂಡ ರಿಲೀಫ್ ವಾಲ್ವ್ ಅಥವಾ ಚೇಂಬರಿನೊಳಗೆ ಕೆಸರು ಕಟ್ಟಿದ ಜಾಲರಿ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಅನೇಕ ಪಿಕಪ್‌ಗಳಲ್ಲಿ ಎಂಜಿನ್ ಇಳಿಸದೆಯೇ ಚೇಂಬರ್ ಬಿಚ್ಚಬಹುದು. ಜಾಲರಿ ತೊಳೆಯುವುದರಲ್ಲೇ ಕೆಲಸ ಮುಗಿದರೂ ಮುಗಿದೀತು.

ಅಂಕಿ ಏರಿಸಲೆಂದು ದಪ್ಪ ಆಯಿಲ್ ಹಾಕಿಸುವ ಅಭ್ಯಾಸ ನಮ್ಮಲ್ಲಿದೆ. ಇದರಿಂದ ಗೇಜಿಗೆ ಸಮಾಧಾನವಾಗುತ್ತದೆಯೇ ಹೊರತು ಸವೆದ ಬೇರಿಂಗ್ ಸರಿಹೋಗುವುದಿಲ್ಲ. ಹಳೆಯ ವಾಹನ ಕೊಳ್ಳುವವರು ಇದೇ ಕಾರಣಕ್ಕೆ ಎಂಜಿನ್ ಬಿಸಿಯಾದ ಮೇಲೆಯೇ ಒತ್ತಡ ನೋಡಬೇಕು.

ಇನ್ನು ಲೆಕ್ಕಪತ್ರದ ವಿಚಾರ. ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿ ಉಳಿಸುವ ವೆಚ್ಚ ಚಾಲ್ತಿ ದುರಸ್ತಿ. ಹೊಸ ಆಸ್ತಿ ಅಥವಾ ಹೊಸ ಅನುಕೂಲ ತರುವ ವೆಚ್ಚ ಹಾಗಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ವಿವರಿಸಿದೆ. ಪಂಪು, ಬೇರಿಂಗ್, ಸ್ವಿಚ್ಚು ಸಾಮಾನ್ಯವಾಗಿ ಮೊದಲ ಗುಂಪಿಗೆ ಸೇರುತ್ತವೆ. ಇಡೀ ಎಂಜಿನ್ ಬದಲಿಸುವುದಾದರೆ ತಮ್ಮ ಲೆಕ್ಕಪರಿಶೋಧಕರನ್ನು ಮುಂಚಿತವಾಗಿ ಕೇಳುವುದು ಒಳಿತು. ಅಂದಾಜು ಆದಾಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಈ ವೆಚ್ಚದ ಪ್ರತ್ಯೇಕ ಕಡಿತವಿಲ್ಲ. ತೆರಿಗೆಗೊಳಪಟ್ಟ ವ್ಯವಹಾರಕ್ಕಾಗಿ ಸರಕು ಸಾಗಿಸುವ ವಾಹನವಾದುದರಿಂದ ದುರಸ್ತಿಯ ಮೇಲಿನ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ; ಕಾಂಪೋಸಿಷನ್ ಯೋಜನೆಯವರಿಗೆ ಇದು ಇಲ್ಲ. ಬಿಲ್ಲಿನಲ್ಲಿ ತಮ್ಮ ಜಿಎಸ್‌ಟಿ ಸಂಖ್ಯೆಯೊಡನೆ ವಾಹನದ ನೋಂದಣಿ ಸಂಖ್ಯೆ, ಓಡಿದ ಕಿಲೋಮೀಟರ್ ಮತ್ತು ದುರಸ್ತಿಯ ಮುಂಚಿನ-ನಂತರದ ಗೇಜ್ ಅಂಕಿಗಳನ್ನೂ ಬರೆಸಿಕೊಳ್ಳಿ.