ಚಂದ್ರಲೋಕಕ್ಕೆ ಹೊರಟ ಹನ್ನೆರಡು ಮಂದಿ

1931ರ ಜನವರಿಯ ಚಳಿಯ ರಾತ್ರಿ. ನ್ಯೂಯಾರ್ಕ್ ನಗರದ ಪ್ರಸಿದ್ಧ ಪ್ರಕೃತಿ ವಿಜ್ಞಾನ ವಸ್ತುಸಂಗ್ರಹಾಲಯದ ಸಭಾಂಗಣದಲ್ಲಿ ಎಳ್ಳು ಚೆಲ್ಲಿದರೆ ನೆಲಕ್ಕೆ ಬೀಳದಷ್ಟು ಜನ. ದೇಶವೆಲ್ಲ ಆರ್ಥಿಕ ಮುಗ್ಗಟ್ಟಿನಿಂದ ತತ್ತರಿಸುತ್ತಿದ್ದ ಆ ದಿನಗಳಲ್ಲಿ ಸುಮಾರು 2,000 ಮಂದಿ ಅಲ್ಲಿ ನೆರೆದದ್ದು ಮಾನವನು ಚಂದ್ರಲೋಕಕ್ಕೆ ಹೋಗುವ ಬಗೆಯನ್ನು ತಿಳಿಯುವುದಕ್ಕಾಗಿ! ಸ್ಥಳ ಸಾಲದೆ ಕಾರ್ಯಕ್ರಮವನ್ನು ಎರಡನೆಯ ಸಲ ನಡೆಸಬೇಕಾಯಿತು.

ಸಭೆಯನ್ನು ಕರೆದಿದ್ದ ‘ಅಮೆರಿಕದ ಅಂತರಗ್ರಹ ಸಂಘ’ಕ್ಕೆ ಆಗಿನ್ನೂ ವರ್ಷ ತುಂಬಿರಲಿಲ್ಲ. 1930ರ ಏಪ್ರಿಲ್ 4ರಂದು ಹನ್ನೊಂದು ಮಂದಿ ಪುರುಷರೂ ಒಬ್ಬ ಮಹಿಳೆಯೂ ಕೂಡಿ ಅದನ್ನು ಸ್ಥಾಪಿಸಿದ್ದರು. ಇದು ಘನ ಪ್ರಾಧ್ಯಾಪಕರ ಗೋಷ್ಠಿಯೆಂದು ವಾಚಕರು ಭಾವಿಸಬಾರದು. ಇವರಲ್ಲಿ ಬಹುಮಂದಿ ಮಾಸಪತ್ರಿಕೆಗಳಿಗೆ ವಿಜ್ಞಾನಕಥೆಗಳನ್ನು ಬರೆಯುತ್ತಿದ್ದವರು. ಅಧ್ಯಕ್ಷ ಡೇವಿಡ್ ಲ್ಯಾಸರ್ ಅವರು ಅಂಥದೇ ಪತ್ರಿಕೆಯೊಂದರ ಸಂಪಾದಕರು. ಎಡ್ವರ್ಡ್ ಪೆಂಡ್ರೆ ಅವರು ಪತ್ರಕರ್ತರು. ಕಥೆಗಾರರು ಕೂಡಿ ವಿಜ್ಞಾನಸಂಘವನ್ನು ಕಟ್ಟುವುದು ವಿಚಿತ್ರವೆನಿಸಬಹುದು. ಆದರೆ ಚಂದ್ರಯಾನದ ಮಾತನ್ನು ನಗದೆ ಕೇಳುವವರು ಆಗ ಇದ್ದುದು ಮುಖ್ಯವಾಗಿ ಕಥೆಯೋದುವವರಲ್ಲಿಯೇ.

ಅಂದಿನ ಮುಖ್ಯ ಭಾಷಣಕಾರರಾಗಬೇಕಾಗಿದ್ದವರು ಫ್ರಾನ್ಸಿನ ವಿಮಾನಶಿಲ್ಪಿ ರೋಬೇರ್ ಎಸ್ನೋ-ಪೆಲ್ತೆರಿ. ಅಸ್ವಸ್ಥತೆಯಿಂದ ಅವರು ಬರಲಾಗಲಿಲ್ಲ. ಅವರ ಭಾಷಣವನ್ನು ಪೆಂಡ್ರೆಯವರೇ ಓದಿದರು. ಜನರನ್ನು ಸೆಳೆದದ್ದು ಭಾಷಣವೊಂದೇ ಎನ್ನುವಂತಿಲ್ಲ. ಜರ್ಮನಿಯ ಫ್ರಿಟ್ಸ್ ಲಾಂಗ್ 1929ರಲ್ಲಿ ತಯಾರಿಸಿದ್ದ ಚಂದ್ರಯಾನದ ಮೂಕಚಿತ್ರವೂ ಅಂದು ತೆರೆಯ ಮೇಲಿತ್ತು. ಆ ಚಿತ್ರಕ್ಕೆ ಸಲಹೆಗಾರರಾಗಿದ್ದವರು ರಾಕೆಟ್ ಶಾಸ್ತ್ರದ ಆದ್ಯರಲ್ಲೊಬ್ಬರಾದ ಹೆರ್ಮಾನ್ ಓಬರ್ತ್. ರಾಕೆಟ್ಟು ಹೊರಡುವ ಮುನ್ನ ಅಂಕೆಗಳನ್ನು ಹಿಂದುಹಿಂದಕ್ಕೆ ಎಣಿಸುವ ಪದ್ಧತಿ ಜನಕ್ಕೆ ಪರಿಚಯವಾದದ್ದು ಈ ಚಿತ್ರದಿಂದಲೇ.

ಜನವೇನೋ ಬಂದರು, ಗೌರವ ಬರಲಿಲ್ಲ. ಗಾಳಿಯಿಲ್ಲದ ಕಡೆ ರಾಕೆಟ್ಟು ಯಾವುದನ್ನು ಒದೆದು ಮುಂದೆ ಹೋದೀತು ಎಂದು 1920ರಲ್ಲಿ ಆ ನಗರದ ಹಿರಿಯ ದಿನಪತ್ರಿಕೆಯೇ ರಾಬರ್ಟ್ ಗಾಡರ್ಡ್‌ರನ್ನು ಹಳಿದಿತ್ತು. ರಾಕೆಟ್ಟು ಗಾಳಿಯನ್ನು ಒದೆಯುವುದೇ ಇಲ್ಲ. ಹಿಂದಕ್ಕೆ ಚಿಮ್ಮುವ ಅನಿಲದ ಪ್ರತಿಕ್ರಿಯೆಯೇ ಅದನ್ನು ಮುಂದೊತ್ತುತ್ತದೆ. ಇಂಥ ಮೂದಲಿಕೆಯಿಂದ ನೊಂದಿದ್ದ ಗಾಡರ್ಡ್ 1926ರಲ್ಲಿಯೇ ದ್ರವ ಇಂಧನದ ಪ್ರಥಮ ರಾಕೆಟ್ಟನ್ನು ಹಾರಿಸಿದ್ದರೂ ತಮ್ಮ ಪ್ರಯೋಗದ ವಿವರಗಳನ್ನು ಸಂಘದೊಡನೆ ಹಂಚಿಕೊಳ್ಳಲು ಒಪ್ಪಲಿಲ್ಲ. ಬಲ್ಲವರು ಹೇಳದಿದ್ದುದರಿಂದ ಈ ಹವ್ಯಾಸಿಗಳು ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾಯಿತು. ಪೆಂಡ್ರೆ ದಂಪತಿಗಳು 1931ರಲ್ಲಿ ಬರ್ಲಿನ್ನಿಗೆ ಹೋಗಿ ಅಲ್ಲಿನ ಉತ್ಸಾಹಿಗಳ ಯಂತ್ರಗಳನ್ನು ಕಣ್ಣಾರೆ ಕಂಡುಬಂದರು.

1933ರ ಮೇ 14ರಂದು ಸ್ಟೇಟನ್ ದ್ವೀಪದ ಕಡಲತೀರದಿಂದ ಅವರ ರಾಕೆಟ್ಟು ಮೇಲಕ್ಕೆ ಚಿಮ್ಮಿತು. ಏರಿದ್ದು ಸುಮಾರು 250 ಅಡಿ. ಅಷ್ಟರಲ್ಲಿ ಆಮ್ಲಜನಕದ ತೊಟ್ಟಿ ಸಿಡಿದು ಎಲ್ಲವೂ ಕೆಳಗೆ ಬಿದ್ದಿತು. ಚಂದ್ರನಿರುವುದು ಸುಮಾರು 2,39,000 ಮೈಲಿ ದೂರದಲ್ಲಿ!

ಮರುವರ್ಷ ಸಂಘವು ತನ್ನ ಹೆಸರಿನಿಂದ ‘ಅಂತರಗ್ರಹ’ ಎಂಬ ಪದವನ್ನೇ ತೆಗೆದು ‘ಅಮೆರಿಕದ ರಾಕೆಟ್ ಸಂಘ’ವಾಯಿತು. ಆ ಪದ ಗಂಭೀರ ಶಿಲ್ಪಿಗಳನ್ನು ದೂರವಿಡುತ್ತಿದೆ ಎಂಬುದು ಸದಸ್ಯರ ಅಳುಕು. ಲೋಕದ ನಗೆಗೆ ತೆತ್ತ ದಂಡವಿದು. ಆದರೂ ಅದು ವ್ಯರ್ಥವಾಗಲಿಲ್ಲ. ಸದಸ್ಯ ಜೇಮ್ಸ್ ವೈಲ್ಡ್ ಎಂಬ ತರುಣ ಶಿಲ್ಪಿ, ಉರಿಯುವ ಕೋಣೆಯೇ ಕರಗಿಹೋಗುವ ತೊಡಕಿಗೆ ಒಳ್ಳೆಯ ಉಪಾಯವನ್ನು ಸಾಧಿಸಿ ತೋರಿದರು. ಇಂಧನವು ಮೊದಲು ಕೋಣೆಯ ಗೋಡೆಯ ಸುತ್ತ ಹರಿದು ಅದರ ಕಾವನ್ನು ಹೀರಿಕೊಳ್ಳಬೇಕು, ಆಮೇಲೆ ಒಳಹೊಕ್ಕು ಉರಿಯಬೇಕು. ಹೀಗೆ ಕೋಣೆಯೂ ತಂಪು, ಇಂಧನಕ್ಕೂ ಕಾವು. 1938ರಲ್ಲಿ ಪರೀಕ್ಷಿಸಿದಾಗ ಯಂತ್ರ ಕರಗದೆ ನಿಂತಿತು.

1941ರಲ್ಲಿ ವೈಲ್ಡ್ ಮತ್ತು ಮೂವರು ಗೆಳೆಯರು ಸಣ್ಣದೊಂದು ಕಾರ್ಖಾನೆಯನ್ನು ಹೂಡಿದರು. 1947ರ ಅಕ್ಟೋಬರ್ 14ರಂದು ಚಕ್ ಯೇಗರ್ ಶಬ್ದದ ವೇಗವನ್ನು ಮೀರಿ ಹಾರಿದ ‘ಎಕ್ಸ್-1’ ವಿಮಾನಕ್ಕೆ ಯಂತ್ರವನ್ನು ಒದಗಿಸಿದ್ದು ಆ ಕಾರ್ಖಾನೆಯೇ. ಅತ್ತ ಗಾಡರ್ಡ್‌ರನ್ನು ಹಳಿದಿದ್ದ ಪತ್ರಿಕೆ ತನ್ನ ತಪ್ಪನ್ನು ಅಚ್ಚಿನಲ್ಲಿ ಒಪ್ಪಿಕೊಂಡದ್ದು 1969ರ ಜುಲೈ 17ರಂದು. ಅಪೋಲೋ 11 ಚಂದ್ರನತ್ತ ಹೊರಟ ಮರುದಿನ. ಗಾಡರ್ಡ್ ಆ ವೇಳೆಗೆ ಗತಿಸಿ 24 ವರ್ಷಗಳಾಗಿದ್ದವು. ಲ್ಯಾಸರ್ ಮತ್ತು ಪೆಂಡ್ರೆ ಇಬ್ಬರೂ ಇನ್ನೂ ಬದುಕಿದ್ದರು.