ಸಂಕಮ್ಮ ಕೊಡದ ಭಾಷೆ

ರಾತ್ರಿಯ ಊಟ ಮುಗಿಸಿ ಕಿರುತೆರೆಯ ಮುಂದೆ ಕೂರುವ ಕುಟುಂಬಗಳಿಗೆ ಒಂದು ಬಗೆಯ ಕಥೆ ಚಿರಪರಿಚಿತವಾಗಿದೆ. ಅಂದವಾದ ಮನೆ, ಹೊಸ ಮದುವೆ, ನಾಲ್ಕು ಜನ ಮೆಚ್ಚುವ ಗಂಡ. ಮೊದಲು ಆತ ಹೂ ತರುತ್ತಾನೆ. ಅನಂತರ ಆಕೆ ಯಾರೊಡನೆ ನಕ್ಕಳೆಂದು ವಿಚಾರಿಸುತ್ತಾನೆ. ಕೊನೆಗೆ ಅವನ ಕೈಯಲ್ಲಿ ಚಾಕು ಇರುತ್ತದೆ. ಗಂಡನ ಬದಲು ಹೆಂಡತಿಯೇ ಆ ಪಾತ್ರ ವಹಿಸುವ ಕಥೆಗಳೂ ಉಂಟು. ಅಮೆರಿಕದ ದೂರದರ್ಶನ ವಾಹಿನಿಗಳು ಚಿತ್ರಮಂದಿರಕ್ಕಲ್ಲದೆ ಮನೆಯ ಪರದೆಗೆಂದೇ ಇಂಥ ರೋಮಾಂಚಕ ಚಿತ್ರಗಳನ್ನು ದಶಕಗಳಿಂದ ತಯಾರಿಸುತ್ತಿವೆ. ನಮ್ಮ ದೇಶಕ್ಕೆ ಈ ಕಥೆ ಹಿಂದಿ ಸಿನಿಮಾದ ದಾರಿಯಿಂದ ಬಂತು. 1991ರ 'ಸ್ಲೀಪಿಂಗ್ ವಿತ್ ದಿ ಎನಿಮಿ' ಎಂಬ ಇಂಗ್ಲಿಷ್ ಚಿತ್ರದ ನೆರಳಿನಲ್ಲಿ 1995ರಲ್ಲಿ 'ಯಾರಾನಾ', 1996ರಲ್ಲಿ 'ಅಗ್ನಿ ಸಾಕ್ಷಿ' ಮತ್ತು 'ದರಾರ್' ತೆರೆಕಂಡು, ಬಳಿಕ ಕಿರುತೆರೆಯ ಮೂಲಕ ಮನೆಗಳನ್ನು ಹೊಕ್ಕವು.

ಈ ಬಗೆಯ ಚಿತ್ರಗಳನ್ನೆಲ್ಲ ಒಂದೇ ಏಟಿಗೆ ಕಸವೆಂದು ತಳ್ಳಿಹಾಕುವುದು ನ್ಯಾಯವಲ್ಲ. 1984ರ ಅಕ್ಟೋಬರ್ 8ರಂದು ಅಮೆರಿಕದ ಎನ್‌ಬಿಸಿ ವಾಹಿನಿಯು 'ದಿ ಬರ್ನಿಂಗ್ ಬೆಡ್' ಎಂಬ ದೂರದರ್ಶನ ಚಿತ್ರವನ್ನು ಪ್ರಸಾರ ಮಾಡಿತು. ಅದು ನಡೆದ ಸಂಗತಿಯನ್ನು ಆಧರಿಸಿದ್ದು. ಮಿಷಿಗನ್ ರಾಜ್ಯದ ಫ್ರಾನ್ಸೀನ್ ಹ್ಯೂಸ್ ಎಂಬಾಕೆ ವರ್ಷಗಟ್ಟಲೆ ಹೊಡೆತ ತಿಂದವಳು. ವಿಚ್ಛೇದನವಾದ ಮೇಲೂ ಆ ಗಂಡ ಅವಳನ್ನು ಬಿಟ್ಟಿರಲಿಲ್ಲ. 1977ರ ಮಾರ್ಚ್ 9ರ ರಾತ್ರಿ ಅವನು ಮಲಗಿದ್ದ ಕೋಣೆಗೆ ಆಕೆ ಬೆಂಕಿಯಿಟ್ಟಳು. ತಾತ್ಕಾಲಿಕ ಬುದ್ಧಿಭ್ರಮೆಯ ಕಾರಣ ನೀಡಿ ನ್ಯಾಯಾಲಯದ ಪಂಚರು ಅವಳನ್ನು ನಿರ್ದೋಷಿಯೆಂದರು. ಆ ಚಿತ್ರದ ಪ್ರಸಾರದೊಡನೆ, ಮನೆಯಲ್ಲಿ ಪೆಟ್ಟು ತಿನ್ನುವ ಸ್ತ್ರೀಯರು ಕರೆ ಮಾಡಬಹುದಾದ ದೂರವಾಣಿ ಸಂಖ್ಯೆಯನ್ನೂ ಪರದೆಯ ಮೇಲೆ ತೋರಿಸಲಾಯಿತು. ಮನರಂಜನೆಯ ಪೆಟ್ಟಿಗೆ ಒಂದು ರಾತ್ರಿಯಾದರೂ ನೆರೆಮನೆಯವರ ಕೆಲಸ ಮಾಡಿತು.

ಆಮೇಲೆ ಬಂದ ಬಹುಪಾಲು ಚಿತ್ರಗಳಲ್ಲಿ ಆ ಸಂಖ್ಯೆ ಉಳಿಯಲಿಲ್ಲ, ಚಾಕು ಮಾತ್ರ ಉಳಿಯಿತು. ಅವುಗಳ ಮೇಲೆ ನನಗಿರುವ ಮುಖ್ಯ ಆಕ್ಷೇಪಣೆ ಹಿಂಸೆಯನ್ನು ತೋರಿಸುತ್ತವೆ ಎಂಬುದಲ್ಲ. ಹಿಂಸೆಯನ್ನು ತೀರಾ ತಡವಾಗಿ ತೋರಿಸುತ್ತವೆ ಎಂಬುದು. ಹಿನ್ನೆಲೆಯ ಸಂಗೀತ ಬದಲಾದ ಮೇಲೆಯೇ ಅಪಾಯ ಆರಂಭವಾಯಿತೆಂದು ನೋಡುವವರು ತಿಳಿಯುತ್ತಾರೆ. ಅಲ್ಲಿಯವರೆಗಿನ ವಿಚಾರಣೆ, ಕಾವಲು, ಮುನಿಸು, ಆಣೆ ಇವೆಲ್ಲ ಪ್ರೀತಿಯ ಲೆಕ್ಕಕ್ಕೆ ಸೇರಿಬಿಡುತ್ತವೆ. ನಮ್ಮ ಮನೆಗಳಲ್ಲಿ ಹಿನ್ನೆಲೆ ಸಂಗೀತವಿಲ್ಲ.

ಇದನ್ನು ಈ ಚಿತ್ರಗಳಿಗಿಂತ ಚೆನ್ನಾಗಿ ಅರಿತ ಕಥೆಯೊಂದು ನಮ್ಮ ಕೌದಳ್ಳಿಯ ರಸ್ತೆಯಲ್ಲೇ ನಡೆದುಹೋಗುತ್ತದೆ. ಕೊಳ್ಳೇಗಾಲ, ಹನೂರು ದಾಟಿ ತಾಳಬೆಟ್ಟದ ಕಡೆಗೆ ಸಾಗುವ ಮಾದಪ್ಪನ ಪರಿಸೆಯವರನ್ನು ಶಿವರಾತ್ರಿಯಲ್ಲಿ, ದೀಪಾವಳಿಯಲ್ಲಿ ನಾವೆಲ್ಲ ಕಂಡಿದ್ದೇವೆ. ಕಂಸಾಳೆ ಹಿಡಿದ ದೇವರಗುಡ್ಡರು ರಾತ್ರಿಯಿಡೀ ಹಾಡುವ ಮಲೆ ಮಾದೇಶ್ವರ ಕಾವ್ಯದಲ್ಲಿ 'ಸಂಕಮ್ಮನ ಸಾಲು' ಎಂಬ ಭಾಗವಿದೆ. ಈ ಮಹಾಕಾವ್ಯವನ್ನು ಡಾ. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದರು. 2018ರಲ್ಲಿ ಜೀ ಕನ್ನಡ ವಾಹಿನಿಯು 'ಉಘೇ ಉಘೇ ಮಾದೇಶ್ವರ' ಎಂಬ ಧಾರಾವಾಹಿಯನ್ನು ಆರಂಭಿಸಿ ಮಾದಪ್ಪನ ಚರಿತ್ರೆಯನ್ನು ಕಿರುತೆರೆಗೂ ತಂದಿತು. ನೆರೆಹೊರೆಯವರ ಭಕ್ತಿಯ ಹಾಡನ್ನು ಕ್ರೈಸ್ತ ಗುರುವೊಬ್ಬ ಏಕೆ ಎತ್ತಿಕೊಂಡನೆಂದು ಕೆಲವರು ಹುಬ್ಬೇರಿಸಬಹುದು. ಒಂದೇ ನೀರು ಕುಡಿಯುವವರು ಒಬ್ಬರ ಹಾಡನ್ನು ಇನ್ನೊಬ್ಬರು ಕೇಳಿಸಿಕೊಳ್ಳುವುದರಲ್ಲಿ ತಪ್ಪೇನೂ ಕಾಣದು.

ಹಾಡುವವರಿಂದ ಹಾಡುವವರಿಗೆ ವಿವರಗಳು ಬದಲಾದರೂ ಕಥೆಯ ತಿರುಳು ಹೀಗಿದೆ. ನೀಲೇಗೌಡ ಕಾಡಿಗೆ ಹೊರಡುತ್ತಾನೆ. ಹೆಂಡತಿ ಸಂಕಮ್ಮ ಒಬ್ಬಳೇ ಉಳಿಯಬೇಕು. ತಾನು ಮರಳುವ ತನಕ ಪರಪುರುಷನ ನೆರಳೂ ಸೋಕದಂತೆ ಇರುವೆನೆಂದು ಬಲಗೈ ಮೇಲೆ ಬಲಗೈಯಿಟ್ಟು ಭಾಷೆ ಕೊಡು ಎಂದು ಅವನು ಒತ್ತಾಯಿಸುತ್ತಾನೆ. ಆಕೆ ಒಪ್ಪುವುದಿಲ್ಲ. ತಪ್ಪು ಮಾಡುವ ಮನಸ್ಸಿದ್ದು ಒಪ್ಪದವಳಲ್ಲ; ಪತಿವ್ರತೆಯಾದ ತನ್ನಿಂದ ಅಂಥ ಭಾಷೆ ಕೇಳುವುದೇ ಅವಮಾನವೆಂದು ಒಪ್ಪದವಳು. ಆಗ ಗಂಡ ಅವಳನ್ನು ಹಿಂಸಿಸಿ, ಕೈಕಾಲು ಕಟ್ಟಿ, ಗುಡಿಸಲಿನಲ್ಲಿ ಬಂಧಿಸಿ ಹೊರಟುಹೋಗುತ್ತಾನೆ. ಆಕೆಯ ಮೊರೆ ಕೇಳಿ ಬಂದ ಮಾದೇಶ್ವರ ಕಟ್ಟು ಬಿಡಿಸುತ್ತಾನೆ. ಅವನ ವರದಿಂದ ಹುಟ್ಟಿದ ಕಾರಯ್ಯ, ಬಿಲ್ಲಯ್ಯರ ಹೆಸರು ಈ ಸೀಮೆಯಲ್ಲಿ ಯಾರಿಗೆ ತಿಳಿಯದು?

ಹಾಡಿನ ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. ನೀಲೇಗೌಡ ರಾಕ್ಷಸನಲ್ಲ. ಅವನ ಬಳಿ ದೂರು ತಂದವರಿಲ್ಲ, ಕಣ್ಣಾರೆ ಕಂಡದ್ದೂ ಏನಿಲ್ಲ. ಅವನಿಗೆ ಬೇಕಾದದ್ದು ಖಾತರಿ. ಹಗ್ಗ ಆಮೇಲೆ ಬಂತು. ಭಾಷೆ ಕೇಳಿದ ಗಳಿಗೆಯಲ್ಲೇ ಸಂಕಮ್ಮ ಹೆಂಡತಿಯ ಸ್ಥಾನದಿಂದ ಆಸ್ತಿಯ ಸ್ಥಾನಕ್ಕೆ ಇಳಿದಳು. ಅದನ್ನು ಮೊದಲು ಕಂಡುಕೊಂಡವಳು ಆಕೆಯೇ. ಗಿರೀಶ ಕಾರ್ನಾಡರ 1988ರ 'ನಾಗಮಂಡಲ'ದಲ್ಲಿಯೂ ಅಪ್ಪಣ್ಣ ರಾಣಿಯನ್ನು ಒಳಗಿಟ್ಟು ಬೀಗ ಹಾಕಿ ಹೋಗುತ್ತಾನೆ, ಮಧ್ಯಾಹ್ನ ಊಟಕ್ಕೆ ಮಾತ್ರ ಬರುತ್ತಾನೆ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ಹುಟ್ಟಿದ ನಾಟಕವದು. ಬೀಗದ ಕಥೆ ನಮ್ಮ ಕನ್ನಡ ಅಜ್ಜಿಯರಿಗೆ ಅಮೆರಿಕ ಕಲಿಸಿದ್ದಲ್ಲ.

ಇಂದಿನ ನೀಲೇಗೌಡರು ಹೋಗುವುದು ಕಾಡಿಗಲ್ಲ, ಬೆಂಗಳೂರಿಗೆ, ತಿರುಪ್ಪೂರಿಗೆ. ಅಲ್ಲಿಂದಲೇ ರಾತ್ರಿ ಹತ್ತು ಗಂಟೆಗೆ ವಿಡಿಯೋ ಕರೆ ಬರುತ್ತದೆ: ಕ್ಯಾಮೆರಾವನ್ನು ಕೋಣೆಯ ಸುತ್ತ ತಿರುಗಿಸಿ ತೋರಿಸು, ಫೋನಿನ ಗುಪ್ತಸಂಖ್ಯೆ ಹೇಳು, ಬಸ್ಸು ಇಳಿದ ಮೇಲೆ ಇಷ್ಟು ಹೊತ್ತು ಎಲ್ಲಿದ್ದೆ. ಬಲಗೈ ಭಾಷೆ ಒಂದೇ ಸಲದ್ದು, ಇದು ದಿನಕ್ಕೆ ನಾಲ್ಕು ಸಲದ್ದು. ಹೊರಗಿನವರು ಕೇಳಿದರೆ 'ಅವನಿಗೆ ಅವಳ ಮೇಲೆ ಪ್ರಾಣ' ಎನ್ನುತ್ತಾರೆ. ಆಕೆಯ ತಾಯಿಯೂ ಅದನ್ನೇ ಹೇಳುವುದುಂಟು. ಗಂಡನ ಸಂಬಳ, ಸ್ನೇಹಿತರು, ಹೆತ್ತ ತಾಯಿಯೊಡನೆ ಮಾತು, ಎಲ್ಲಕ್ಕೂ ಕಾವಲು ಹಾಕುವ ಹೆಂಡತಿಯರೂ ಇದ್ದಾರೆ. ಅಂಥ ಗಂಡಂದಿರು ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ಆದರೂ ಕೈಕಾಲು ಕಟ್ಟಿಸಿಕೊಂಡವರನ್ನು ಎಣಿಸಿದರೆ ಸ್ತ್ರೀಯರೇ ಹೆಚ್ಚು.

ಫ್ರಾನ್ಸಿನ ಕಥೋಲಿಕ ತತ್ವಜ್ಞಾನಿ ಗೇಬ್ರಿಯಲ್ ಮಾರ್ಸೆಲ್ 1935ರ ತಮ್ಮ ಗ್ರಂಥದಲ್ಲಿ 'ಇರುವಿಕೆ' ಮತ್ತು 'ಹೊಂದಿರುವಿಕೆ' ಎಂಬ ಎರಡು ನೆಲೆಗಳನ್ನು ವಿವೇಚಿಸಿದರು. ಹೊಂದಿದ ವಸ್ತು ಕಳೆದುಹೋಗಬಹುದು, ಆದ್ದರಿಂದ ಹೊಂದಿದವನಿಗೆ ನೆಮ್ಮದಿಯಿಲ್ಲ. ಕೊನೆಗೆ ವಸ್ತುವೇ ಅವನನ್ನು ಆಳತೊಡಗುತ್ತದೆ. ಹೆಂಡತಿಯನ್ನು ಎಮ್ಮೆಯಂತೆ, ಹೊಲದಂತೆ 'ಹೊಂದಿದವನು' ರಾತ್ರಿ ನಿದ್ದೆಗೆಡುವುದು ಇದಕ್ಕೇ. ಎಷ್ಟು ಆಣೆ ಇಡಿಸಿದರೂ ಅವನಿಗೆ ಸಾಲದು, ಏಕೆಂದರೆ ಮನುಷ್ಯಳೊಬ್ಬಳ ನಿಷ್ಠೆಯನ್ನು ಅವಳು ಕೊಡಬಹುದೇ ವಿನಾ ಇವನು ವಸೂಲು ಮಾಡಲಾಗದು.

ನಮ್ಮ ಪರಂಪರೆಯನ್ನೂ ಇಲ್ಲಿ ಪ್ರಾಮಾಣಿಕವಾಗಿ ನೋಡಬೇಕಾಗಿದೆ. ಸಂತ ಅಗಸ್ಟೀನರು 1,600 ವರ್ಷಗಳ ಹಿಂದೆ ಬರೆದ 'ಆತ್ಮನಿವೇದನೆ'ಯ ಒಂಬತ್ತನೆಯ ಭಾಗದಲ್ಲಿ ತಾಯಿ ಮೋನಿಕಾ ಅವರನ್ನು ನೆನೆಯುತ್ತಾರೆ. ಆ ಊರಿನ ಹೆಂಗಸರ ಮುಖದಲ್ಲಿ ಪೆಟ್ಟಿನ ಗುರುತುಗಳಿದ್ದವು. ಮುಂಗೋಪಿ ಗಂಡನನ್ನು ಮೌನದಿಂದ ಸಂಭಾಳಿಸಿದ ಮೋನಿಕಾ, ವಿವಾಹಪತ್ರವನ್ನು ದಾಸ್ಯದ ಪತ್ರವೆಂದೇ ಬಗೆದು ಬಾಳಿರೆಂದು ಅವರಿಗೆ ಹೇಳುತ್ತಿದ್ದರಂತೆ. ಸಂತ ಮೋನಿಕಾರ ಪ್ರಾರ್ಥನೆಯ ಶಕ್ತಿಯನ್ನು ನಾನು ಗೌರವಿಸುತ್ತೇನೆ. ಆದರೆ ಈ ಭಾಗವನ್ನು ಇಂದು ಪೆಟ್ಟು ತಿಂದು ಬಂದ ಮಗಳ ಮುಂದೆ ಉದಾಹರಿಸುವವರು ಮಗ ಬರೆದ ಒಂದು ಕಾಲದ ವರ್ಣನೆಯನ್ನು ಎಲ್ಲ ಕಾಲದ ವಿಧಿಯೆಂದು ತಿಳಿದಿದ್ದಾರೆ. ಅದು ವಿಧಿಯಲ್ಲ.

ಧರ್ಮಸಭೆಯ ವಿಧಿ ಏನೆಂಬುದು ಬೇರೆಡೆ ಸ್ಪಷ್ಟವಾಗಿಯೇ ಇದೆ, ನಮ್ಮ ಮನೆಗಳಿಗೆ ತಲಪಿಲ್ಲ ಅಷ್ಟೆ. 1983ರ ಧರ್ಮಸಭಾ ಕಾನೂನು ಸಂಹಿತೆಯ 1153ನೆಯ ವಿಧಿಯಂತೆ, ಸಂಗಾತಿಯ ಅಥವಾ ಮಕ್ಕಳ ಆತ್ಮಕ್ಕಾಗಲಿ ಶರೀರಕ್ಕಾಗಲಿ ಗಂಭೀರ ಅಪಾಯ ತರುವವರಿಂದ ಬೇರೆಯಾಗಿ ವಾಸಿಸಲು ನ್ಯಾಯವಾದ ಕಾರಣವಿದೆ. ಸಾಮಾನ್ಯವಾಗಿ ಧರ್ಮಾಧ್ಯಕ್ಷರ ಆದೇಶ ಬೇಕು. ತಡಮಾಡಿದರೆ ಅಪಾಯವೆನ್ನುವ ಸ್ಥಿತಿಯಲ್ಲಿ ಆದೇಶಕ್ಕೆ ಕಾಯದೆ ಸ್ವಂತ ನಿರ್ಧಾರದಿಂದಲೇ ಹೊರಡಬಹುದು. ವಿವಾಹಬಂಧ ಅಳಿಯುವುದಿಲ್ಲ, ಒಂದೇ ಸೂರಿನಡಿ ಇರಬೇಕೆಂಬ ಬಾಧ್ಯತೆ ತಪ್ಪುತ್ತದೆ. ವಿಶ್ವಗುರು ಫ್ರಾನ್ಸಿಸರು ತಮ್ಮ 2016ರ 'ಅಮೋರಿಸ್ ಲೆತೀತಿಯಾ' ಪತ್ರದಲ್ಲಿ, ಕೆಲವೊಮ್ಮೆ ಹೀಗೆ ಬೇರೆಯಾಗುವುದು ನೈತಿಕವಾಗಿ ಅಗತ್ಯವೇ ಆಗುತ್ತದೆಂದು ತಿಳಿಸಿದ್ದಾರೆ. 'ದೇವರು ಕೂಡಿಸಿದ್ದು' ಎಂದು ಹೇಳಿ ಮಗಳನ್ನು ಅದೇ ಬಸ್ಸಿನಲ್ಲಿ ವಾಪಸು ಕಳುಹಿಸುವ ಹಿರಿಯರು ಇದನ್ನೂ ಅರಿತಿರಬೇಕು.

ದೇಶದ ಕಾನೂನೂ ತಡವಾಗಿ ಎಚ್ಚತ್ತಿತು. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯಿದೆಯಲ್ಲಿ ಕೇವಲ ಗಂಡನ ಕ್ರೌರ್ಯವು ಹೆಂಡತಿಗೆ ಸಾಕಾದ ಆಧಾರವಾಗಿರಲಿಲ್ಲ, ಅವನ ವ್ಯಭಿಚಾರವನ್ನೂ ರುಜುವಾತುಪಡಿಸಬೇಕಿತ್ತು. ಇದು ಬದಲಾದದ್ದು 2001ರ ತಿದ್ದುಪಡಿಯಿಂದ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ನೀಡುವ 2005ರ ಕಾಯಿದೆಯು ಹೊಡೆತವನ್ನಷ್ಟೇ ಅಲ್ಲದೆ ಅವಮಾನ, ಬೆದರಿಕೆಗಳನ್ನೂ ಹಿಂಸೆಯೆಂದೇ ಗಣಿಸುತ್ತದೆ. ದೂರು ಕೊಟ್ಟವಳನ್ನು ವಾಸದ ಮನೆಯಿಂದ ಸುಮ್ಮನೆ ಹೊರದೂಡುವಂತಿಲ್ಲ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರ ಕಚೇರಿಯಲ್ಲಿ ಇದಕ್ಕೆ ಅರ್ಜಿ ಕೊಡಬಹುದು. ಹೊರಗೆ ಕಾಲಿಡಲಾಗದವರು 181ಕ್ಕೆ ಕರೆ ಮಾಡಬಹುದು. ಅದು ಮಹಿಳಾ ಸಹಾಯವಾಣಿ, ರಾತ್ರಿಯೂ ಉತ್ತರಿಸುತ್ತದೆ. ಆ ಸಂಖ್ಯೆಯನ್ನು ಗಂಡ ಪರೀಕ್ಷಿಸುವ ಫೋನಿನಲ್ಲಿ ಬರೆದಿಡುವುದು ಬೇಡ. ನೆರೆಮನೆಯ ಅಕ್ಕನಿಗೆ ತಿಳಿದಿದ್ದರೆ ಸಾಕು.